ತುಳಸಿಕಟ್ಟೆಯ ಬಲಬದಿ

ಆ ವರ್ಷ ನಾನು ಕೆನಡಾದ ಥಾರ್ನ್‌ಕ್ಲಿಫ್ ಪಾರ್ಕಿನ ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಯಲ್ಲಿದ್ದೆ. ಓದು ಮುಗಿದಿತ್ತು. ಒಂದು ಪ್ರಯೋಗಾಲಯದಲ್ಲಿ ಮಾದರಿಗಳಿಗೆ ಚೀಟಿ ಅಂಟಿಸಿ ಕಂಪ್ಯೂಟರಿಗೆ ಏರಿಸುವ ಕೆಲಸ ಸಿಕ್ಕಿತ್ತು. ಉಳಿದ ಹೊತ್ತಿನಲ್ಲಿ ಚಿತ್ರ ಬರೆಯುತ್ತಿದ್ದೆ, ಯಾರಿಗೂ ತೋರಿಸುತ್ತಿರಲಿಲ್ಲ. ಹಳೆಯ ಲ್ಯಾಪ್‌ಟಾಪು, ಯಾರೋ ಬಳಸಿ ಮಾರಿದ ಪುಟ್ಟ ಡ್ರಾಯಿಂಗ್ ಟ್ಯಾಬ್ಲೆಟ್ಟು, ಅಂತರಜಾಲದಿಂದ ಉಚಿತವಾಗಿ ಇಳಿಸಿಕೊಂಡ ಸಾಫ್ಟ್‌ವೇರು ಇವಿಷ್ಟೇ ಸಾಮಗ್ರಿ. ಒಂದು ಗುಂಡಿ ಒತ್ತುವುದು, ಏನಾಯಿತೆಂದು ನೋಡುವುದು, ಸರಿಹೋಗದಿದ್ದರೆ ಹಿಂದಕ್ಕೆ ಬರುವುದು. ಹೀಗೆ ಕಲಿಯುವುದು ನನ್ನ ಸ್ವಭಾವಕ್ಕೆ ಒಗ್ಗಿತ್ತು. ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಕೇಳಲೇಬೇಕಾಗಿ ಬಂದದ್ದು ಒಂದು ಸೀರೆಯ ಕಾರಣದಿಂದ.

ರಿಚ್ಮಂಡ್ ಹಿಲ್ಲಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಕೇಳದೆಯೇ ನನ್ನ ದುಪಟ್ಟಾದ ಅಂಚನ್ನು ಹಿಡಿದರು. ಕಣ್ಣಿನ ಹತ್ತಿರಕ್ಕೆ ತಂದು, ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರು. ಆಮೇಲೆ ತಿರುವಿ ಹಿಂಬದಿಯನ್ನು ನೋಡಿದರು.

“ಕಸೂತಿ ಯಾರು ಹಾಕ್ಯಾರ ಇದಕ್ಕ?”

“ನಾನೇ ರೀ.”

“ಧಾರವಾಡದಾಕಿ ಏನು?”

“ಹೌದ್ರಿ.”

“ಅಂತನ ತಿರುವಿ ನೋಡಿದೆ. ಇಲ್ಲೊಂದು ಗಂಟು ಬಿಟ್ಟೀ.”

ಗಂಟು ಇದ್ದದ್ದು ನಿಜ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಬೇಕು, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಟೀಚರ್ ಬಾಯಿಯವರು ಮುಂಬದಿಯನ್ನು ನೋಡಿಯೇ ಇಲ್ಲವೆಂದು ನನ್ನ ನೆನಪು. ಹಿಂಬದಿಗೇ ಅಂಕ ಕೊಡುತ್ತಿದ್ದರು.

ಆ ಹೆಂಗಸು ಬಹಳ ಹಿಂದೆಯೇ ಕೆನಡಾಕ್ಕೆ ಬಂದ ವೈದ್ಯೆ. ಇಡೀ ವೃತ್ತಿಜೀವನವನ್ನು ಸೂಕ್ಷ್ಮದರ್ಶಕದ ಮುಂದೆ ಕೂತು, ಅಂಗಾಂಶದ ಚೂರುಗಳನ್ನು ನೋಡಿ ರಿಪೋರ್ಟು ಬರೆಯುತ್ತ ಕಳೆದವರು. ಈಗ ಮಗಳ ಮನೆಯಲ್ಲಿದ್ದರು. “ಡಾಕ್ಟರ್ ಅನ್ನೋದು ರಿಟೈರ್ ಆದ ದಿನಾ ಮುಗೀತು, ಮೌಶಿ ಅನ್ನು” ಎಂದರು. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹೆಸರದು, ನಾನು ಹಾಗೆಯೇ ಕರೆದೆ.

ಮುಂದಿನ ಭಾನುವಾರ, ಅವರು ಕರೆದಂತೆ, ಅವರ ಮನೆಗೆ ಹೋದಾಗ ಅವರು ಒಂದು ಚಂದ್ರಕಾಳಿ ಸೀರೆಯನ್ನು ಹಾಸಿಗೆಯ ಮೇಲೆ ಹರಡಿದರು. ಕಪ್ಪು ರೇಷ್ಮೆ, ಸೆರಗಿನ ತುಂಬ ಕೆಂಪು ಮತ್ತು ಹಳದಿ ದಾರದ ಕಸೂತಿ. ಅವರ ತಾಯಿ ಹಾಕಿದ್ದು. ಮಡಿಕೆಗಳ ಉದ್ದಕ್ಕೂ ರೇಷ್ಮೆ ಸೀಳಿತ್ತು. ನಡುವೆ ಹಾಕಿದ್ದ ತುಳಸಿಕಟ್ಟೆಯ ವಿನ್ಯಾಸದ ಬಲಬದಿಯಲ್ಲಿ ಅಂಗೈಯಗಲದಷ್ಟು ಬಟ್ಟೆಯೇ ಇರಲಿಲ್ಲ.

“ಬಲಗಣ್ಣು ಹೋಗೇದ,” ಎಂದರು, ಬೇರೆ ಯಾರದೋ ರಿಪೋರ್ಟು ಓದುವವರ ಹಾಗೆ. “ಎಡಗಣ್ಣಿನ್ಯಾಗ ನಡುವಿನ ನೋಟ ಹೊಂಟದ. ಮುಂದಿನ ಚಳಿಗಾಲಕ್ಕ ಮಂದಿ ಮಾರಿ ಗುರುತು ಸಿಗೂದಿಲ್ಲ. ಅದರೊಳಗ ಅವ್ವನ ಸೆರಗು ಒಂದ್ಸಲ ಪೂರ್ತಿ ಓದಬೇಕು. ಹರಿದಲ್ಲಿ ಏನಿತ್ತು ಅಂತ, ಬಾಜೂದ್ದು ಕಣ್ಣಿಗೆ ಬಿದ್ದರ ನೆನಪಾಗಬಹುದು. ನೀ ಕಂಪ್ಯೂಟರಿನ್ಯಾಗ ಚಿತ್ರಾ ಬರೀತೀ ಅಂದೆಲ್ಲ. ದೊಡ್ಡದು ಮಾಡಿ ಕೊಡ್ತೀಯೇನು?”

ಮಾಡಿಕೊಡುತ್ತೇನೆ ಎಂದೆ. ಸುಲಭವೆಂದುಕೊಂಡಿದ್ದೆ.

ಫೋಟೋವನ್ನೇ ದೊಡ್ಡದು ಮಾಡಿದರೆ ಪ್ರಯೋಜನವಿರಲಿಲ್ಲ. ಕಪ್ಪು ಬಟ್ಟೆಯಲ್ಲಿ ಮಾಸಿದ ಕೆಂಪು ದಾರ ಅವರಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ಸೆರಗನ್ನು ತುಂಡು ತುಂಡಾಗಿ ಫೋಟೋ ತೆಗೆದು, ಅದರ ಮೇಲೆ ಒಂದೊಂದು ಹೊಲಿಗೆಯನ್ನೂ ರೇಖೆಯಾಗಿ ಬರೆದು, ಕೊನೆಗೆ ರೇಖೆಗಳನ್ನಷ್ಟೇ ಬಿಳಿಯ ಮೇಲೆ ತೋರಿಸುವುದೆಂದು ತೀರ್ಮಾನಿಸಿದೆ. ಎರಡು ತಿಂಗಳು ಬರೆದೆ. ತುಳಸಿಕಟ್ಟೆ, ಅದರ ಎಡಕ್ಕೆ ಒಂದು ಗಿಳಿ, ಮೇಲೆ ಆನೆಗಳ ಸಾಲು. ನನ್ನ ಲ್ಯಾಪ್‌ಟಾಪಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮೌಶಿಯ ಮನೆಯ ದೊಡ್ಡ ಟಿವಿಗೆ ಜೋಡಿಸಿ ಗಿಳಿಯೊಂದನ್ನೇ ಹಿಗ್ಗಿಸಿದಾಗ ರೇಖೆಗಳ ಅಂಚು ಕರಗಿ ಎಲ್ಲ ಹೊಗೆಯಂತಾಯಿತು.

ಅವರು ಟಿವಿಯಿಂದ ಒಂದು ಅಡಿ ದೂರದಲ್ಲಿ ಕೂತು ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ತಮ್ಮ ಕಣ್ಣೇ ಅಷ್ಟು ಕೆಟ್ಟಿದೆಯೆಂದು ತಿಳಿದುಕೊಂಡರೆಂದು ನನಗೆ ಗೊತ್ತಾಯಿತು.

“ತಪ್ಪು ಚಿತ್ರದ್ದು ಮೌಶಿ. ನನಗೂ ಮಸುಕು ಕಾಣಸ್ತದ.”

“ಖರೇನ ಹೇಳ್ತೀಯೋ, ಸಮಾಧಾನಕ್ಕ ಹೇಳ್ತೀಯೋ?”

ಅವತ್ತು ವಾಪಸು ಬಂದವಳೇ ಆ ಸಾಫ್ಟ್‌ವೇರು ಬಳಸುವವರು ಪರಸ್ಪರ ಸಹಾಯ ಮಾಡುವ ಅಂತರಜಾಲದ ಒಂದು ವೇದಿಕೆಯಲ್ಲಿ ಹೆಸರು ನೋಂದಾಯಿಸಿದೆ. ಒಂದೇ ಸಾಲಿನ ಪ್ರಶ್ನೆ ಹಾಕಿದೆ: ರೇಖೆಯನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಏನು ಮಾಡಬೇಕು? ಐದಾರು ಉತ್ತರಗಳು ಬಂದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕೊನೆಗೆ ಒಬ್ಬರು ಬರೆದರು: “ನೀವು ಯಾವ ಉಪಕರಣದಿಂದ, ಯಾವ ಅಳತೆಯಲ್ಲಿ ಬರೆದಿದ್ದೀರೆಂದು ನೋಡದೆ ಹೇಳಲಾರೆ. ಫೈಲನ್ನು ಲೇಯರ್‌ಗಳ ಸಮೇತ ಹಾಕಿ.”

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ. ತಳದಲ್ಲಿ ಸೀರೆಯ ಫೋಟೋ, ಅದರ ಮೇಲಿನ ಹಾಳೆಗಳಲ್ಲಿ ನನ್ನ ರೇಖೆಗಳು. ನನ್ನ ಫೈಲಿನಲ್ಲಿ ಅಂಥವು ನಲವತ್ತಕ್ಕೂ ಹೆಚ್ಚಿದ್ದವು. ಗಿಳಿಯನ್ನು ಮೂರು ಸಲ ತಪ್ಪಾಗಿ ಬರೆದು ಮರೆಮಾಡಿಟ್ಟಿದ್ದೆ. ಒಂದರ ಹೆಸರು “ಹೊಸದು”, ಇನ್ನೊಂದು “ಇದೇ ಸರಿ”, ಅದರ ಕೆಳಗೆ “ಇದಲ್ಲ”. ಅಪರಿಚಿತರಿಗೆ ಅದನ್ನು ಕಳಿಸಲು ನನ್ನಿಂದಾಗಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಬೆಂಗಳೂರಿನವಳು, ಕಾಲೇಜಿನಲ್ಲಿ ಓದುತ್ತ ಕಾಫಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ಮಾಡುತ್ತಿದ್ದಳು. ಬೆಳಗಿನ ಶಿಫ್ಟಿಗೆ ಹೊರಟವಳು ನನ್ನ ಹೆಗಲ ಮೇಲಿಂದ ಆ ಉತ್ತರವನ್ನು ಓದಿದಳು.

“ಅವ್ರು ಫೈಲ್ ಕೇಳ್ತಿದಾರೆ ಕಣೇ, ಕಿಡ್ನಿ ಕೇಳ್ತಿಲ್ಲ. ಅಪ್‌ಲೋಡ್ ಮಾಡಿ ಹಾಯಾಗಿರು.”

“ಸ್ವಲ್ಪ ಕ್ಲೀನ್ ಮಾಡಿ ಹಾಕ್ತೀನಿ.”

“ಕೆಲಸದವ್ಳು ಬರೋಕ್ ಮುಂಚೆ ಪಾತ್ರೆ ತೊಳೆದಿಡೋ ಜಾತಿ ನೀನು.”

ಅವಳು ಹೋದ ಮೇಲೆ ಶುಚಿ ಮಾಡಲು ಕೂತೆ. ತಪ್ಪು ಗಿಳಿಗಳನ್ನು ಅಳಿಸಿದೆ. ಓರೆಕೋರೆಯಾಗಿದ್ದ ಫೋಟೋ ತುಂಡುಗಳ ಅಂಚುಗಳನ್ನು ಕತ್ತರಿಸಿದೆ. ನಲವತ್ತು ಲೇಯರ್‌ಗಳನ್ನೂ ಸೇರಿಸಿ ಒಂದೇ ಮಾಡಿದೆ. ಈಗ ಯಾರು ತಿರುವಿ ನೋಡಿದರೂ ಒಂದು ಗಂಟೂ ಕಾಣದು. ಅದೇ ಹೆಸರಿನಲ್ಲಿ ಉಳಿಸಿ, ಸಾಫ್ಟ್‌ವೇರನ್ನು ಮುಚ್ಚಿ, ಫೈಲನ್ನು ವೇದಿಕೆಗೆ ಏರಿಸಿ ಕೆಲಸಕ್ಕೆ ಹೋದೆ. ದಿನವಿಡೀ ಹಗುರವಾಗಿದ್ದೆ.

ಸಂಜೆ ಉತ್ತರ ಬಂದಿತ್ತು. “ಚೆನ್ನಾಗಿದೆ. ಆದರೆ ನೀವು ಕಳಿಸಿದ್ದು ಚಿತ್ರ. ನಾನು ಕೇಳಿದ್ದು ಕೆಲಸ. ಇದರಲ್ಲಿ ಬಟ್ಟೆ ಮತ್ತು ರೇಖೆ ಒಂದಾಗಿಬಿಟ್ಟಿವೆ, ಬಿಡಿಸಲು ಬರುವುದಿಲ್ಲ. ಲೇಯರ್‌ಗಳಿರುವ ಹಳೆಯ ಪ್ರತಿ ಇದೆಯೇ?”

ಇರಲಿಲ್ಲ. ಉಳಿಸಿ ಮುಚ್ಚಿದ ಮೇಲೆ ಹಿಂದಕ್ಕೆ ಬರುವ ದಾರಿಯೂ ಇರಲಿಲ್ಲ. ಎರಡು ತಿಂಗಳ ರೇಖೆಗಳು ಫೋಟೋದೊಳಗೆ ಅಂಟಿಕೊಂಡಿದ್ದವು. ಅವುಗಳನ್ನು ನೋಡಬಹುದಿತ್ತು, ಎತ್ತಿಕೊಳ್ಳುವಂತಿರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ಆ ವ್ಯಕ್ತಿಗೆ ವಿವರಿಸಲು ನಾಲ್ಕು ಸಲ ಬರೆದು ಅಳಿಸಿದೆ. ಕೊನೆಗೆ ಇಷ್ಟೇ ಬರೆದೆ: “ನಾನು ಕಲಿತ ಕೆಲಸದಲ್ಲಿ ಹಿಂಬದಿ ಶುಚಿಯಾಗದ ಹೊರತು ತೋರಿಸುವ ಹಾಗಿಲ್ಲ.”

“ಇಲ್ಲಿ ಗಲೀಜನ್ನು ನೋಡದೆ ಸಹಾಯ ಮಾಡಲು ಬರುವುದಿಲ್ಲ,” ಎಂದು ಉತ್ತರ ಬಂತು. ಅದರ ಕೆಳಗೆ: “ಇದು ಯಾರಿಗಾಗಿ?”

ಹೇಳಿದೆ. ಮೌಶಿಯ ಕಣ್ಣು, ಟಿವಿ, ಸೀರೆ, ಚಳಿಗಾಲ. ಯಾರಿಗಾದರೂ ಅಷ್ಟು ಉದ್ದವಾಗಿ ಏನನ್ನಾದರೂ ಹೇಳಿ ವರ್ಷಗಳೇ ಆಗಿದ್ದವು. ಆ ವ್ಯಕ್ತಿ ಗಂಡೋ ಹೆಣ್ಣೋ, ಯಾವ ದೇಶವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮರುದಿನ ಬಂದ ಸೂಚನೆಗಳು ಮಾತ್ರ ಸ್ಪಷ್ಟವಾಗಿದ್ದವು. ಬ್ರಷ್ ಬಳಸಬೇಡಿ, ಅದು ಅಂಚನ್ನು ಮೃದುಗೊಳಿಸುತ್ತದೆ. ಪೆನ್ಸಿಲ್ ಉಪಕರಣ ಬಳಸಿ. ಚೌಕಳಿ ಹಾಕಿಕೊಳ್ಳಿ, ಒಂದು ಮನೆಗೆ ಒಂದು ಹೊಲಿಗೆ. ಚಿತ್ರವನ್ನು ಚಿಕ್ಕದಾಗಿ, ತೀರ ಚಿಕ್ಕದಾಗಿ ಬರೆಯಿರಿ. ದೊಡ್ಡದು ಮಾಡುವುದು ಕಟ್ಟಕಡೆಗೆ. ಆಗ ಬಣ್ಣಗಳನ್ನು ಬೆರೆಸಬೇಡವೆಂದು ಸಾಫ್ಟ್‌ವೇರಿಗೆ ಹೇಳಿ. ಮತ್ತು ಪ್ರತಿದಿನ, ಶುಚಿ ಮಾಡುವ ಮೊದಲು, ಫೈಲನ್ನು ನನಗೆ ತೋರಿಸಿ.

ಕೊನೆಯ ಸೂಚನೆಯೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಮೊದಲ ವಾರ ಫೈಲು ಏರಿಸಿ ಲ್ಯಾಪ್‌ಟಾಪು ಮುಚ್ಚಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. “ಮೂರನೆಯ ಲೇಯರ್‌ನಲ್ಲಿ ಓರೆ ಹೊಲಿಗೆ ಒಂದು ಮನೆ ಜಾರಿದೆ” ಎಂಬಂಥ ಉತ್ತರಗಳು ಬರುತ್ತಿದ್ದವು. ಜಾರಿರುತ್ತಿತ್ತು. ಆಮೇಲಾಮೇಲೆ ನಾನೇ ಲೇಯರ್‌ಗಳಿಗೆ “ಇಲ್ಲಿ ಅನುಮಾನವಿದೆ” ಎಂದು ಹೆಸರಿಡತೊಡಗಿದೆ.

ಅಷ್ಟರಲ್ಲಿ ಮೌಶಿ ಫೋನು ಮಾಡಿದರು. “ಇವತ್ತ ಕಣ್ಣಾಗ ಸೂಜಿ ಹಾಕಿಸಿಕೊಂಡು ಬಂದೆ. ಮಂದಿ ಲಿವರಿಗೆಲ್ಲಾ ಸೂಜಿ ಹಾಕಿ ತಗದದ್ದನ್ನ ನೋಡಿದಾಕಿ ನಾನು. ಈಗ ನನ್ನ ಪಾಳಿ. ಎಲ್ಲಿತನಕ ಬಂತು ನಿಂದು?”

“ನಡದದ ಮೌಶಿ.”

ಸುಳ್ಳಾಗಿರಲಿಲ್ಲ. ಮೊದಲಿಂದ ಶುರು ಮಾಡಿದ್ದೇನೆಂದು ಹೇಳಲು ಧೈರ್ಯವಿರಲಿಲ್ಲ, ಅಷ್ಟೇ.

ಐದು ವಾರಕ್ಕೆ ಸೆರಗು ಮುಗಿಯಿತು. ಹರಿದ ಜಾಗವೊಂದು ಖಾಲಿ ಉಳಿದಿತ್ತು. ಅದನ್ನು ನೋಡಿದ ವೇದಿಕೆಯ ವ್ಯಕ್ತಿ, ವಿನ್ಯಾಸ ಎರಡೂ ಕಡೆ ಒಂದೇ ಇರುವುದಾದರೆ ಎಡಬದಿಯ ಪ್ರತಿ ತೆಗೆದು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಇಡಬಹುದೆಂದು ದಾರಿ ತೋರಿಸಿದರು. ತುಳಸಿಕಟ್ಟೆಯ ಎರಡು ಬದಿಗೂ ಗಿಳಿ ಇರುವುದೇ ರೂಢಿ. ನಾನು ತಿರುವಿ ಇಟ್ಟೆ. ಕೂಡಿಸಿದ್ದು ಕಾಣುತ್ತಲೇ ಇರಲಿಲ್ಲ. ಹರಿದ ಅಂಚಿನಲ್ಲಿ ಮೂರು ಹೊಲಿಗೆಗಳು ಉಳಿದಿದ್ದವು, ಎರಡು ನೆಟ್ಟಗೆ, ಒಂದು ಓರೆ. ಅವು ಗಿಳಿಯ ಮೈಗೆ ಹೊಂದಲಿಲ್ಲ. ಬಿಚ್ಚಿದ ದಾರವಿರಬೇಕೆಂದು ಬಿಟ್ಟುಬಿಟ್ಟೆ.

ಭಾನುವಾರ ಸಬ್‌ವೇಯಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ, ಯಂಗ್ ಸ್ಟ್ರೀಟಿನ ಬಸ್ಸು ಹಿಡಿದು ಮೌಶಿಯ ಮನೆ ತಲುಪಿದೆ. ಅವರು ಟಿವಿಯ ಮುಂದೆ ಬೆತ್ತದ ಮೋಡಾ ಸ್ಟೂಲು ಹಾಕಿಕೊಂಡು ತಯಾರಾಗಿ ಕೂತಿದ್ದರು. ಚಿತ್ರವನ್ನು ಹಿಗ್ಗಿಸಿದೆ. ಒಂದೊಂದು ಹೊಲಿಗೆಯೂ ಬೆರಳುದ್ದವಾಯಿತು, ಅಂಚು ಕತ್ತರಿಸಿಟ್ಟ ಹಾಗೆ ನಿಂತಿತು. ಅವರು ತಲೆ ಓರೆ ಮಾಡಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಂದರು.

“ತುಳಸಿಕಟ್ಟಿ. ಮೆಟ್ಟಲಾ ಮೂರು. ಎಡಕ್ಕ ಗಿಳಿ. ಗಿಳಿ ಬಾಲಕ್ಕ ಒಂದು ಹೊಲಿಗಿ ಕಡಿಮಿ ಅದಲ್ಲ?”

“ಸೀರ್ಯಾಗೂ ಹಂಗ ಅದ ರೀ.”

“ದಾರ ಉಳಿಸ್ಯಾಳ ನಮ್ಮವ್ವ. ಜಿಪುಣಿ.” ಅವರು ಓದುತ್ತಿದ್ದರು. ಆಮೇಲೆ ಅವರ ನೋಟ ಬಲಕ್ಕೆ ಬಂದು ನಿಂತಿತು.

“ಇಲ್ಲಿ ಗಿಳಿ ಎಲ್ಲಿಂದ ಬಂತು?”

“ಎಡಕಿಂದು ತಿರುವಿ ಇಟ್ಟೀನಿ. ಹರದಿತ್ತಲ್ಲ.”

“ತಗಿ.”

“ಎರಡೂ ಕಡೆ ಗಿಳೀನ ಇರ್ತಾವಲ್ಲ ಮೌಶಿ.”

“ಮಂದಿ ಸೀರ್ಯಾಗ ಇರ್ತಾವ. ನಮ್ಮವ್ವ ಬಲಕ್ಕ ಬ್ಯಾರೆ ಏನೋ ಹಾಕಿದ್ಲು. ಅದಕ್ಕ ನಮ್ಮ ಅಜ್ಜಿ ಕಡೆ ಬೈಸಿಕೊಂಡಿದ್ದು ನೆನಪದ. ಏನು ಹಾಕಿದ್ಲು ಅನ್ನೋದು ನೆನಪಿಲ್ಲ. ಸ್ಲೈಡಿನ್ಯಾಗ ಇಲ್ಲದ್ದನ್ನ ರಿಪೋರ್ಟಿನ್ಯಾಗ ಬರದಾಕಿ ಅಲ್ಲ ನಾನು. ತಗಿ.”

ಆ ಗಿಳಿ ಬೇರೆ ಲೇಯರ್‌ನಲ್ಲಿತ್ತು, ಒಂದೇ ಸಲಕ್ಕೆ ಹೋಯಿತು. ಆಗ ನಾನು ಆ ಮೂರು ಹೊಲಿಗೆಗಳ ವಿಷಯ ಹೇಳಿದೆ. ಗಿಳಿಗೆ ಹೊಂದಲಿಲ್ಲವೆಂದು ಬಿಟ್ಟೆ ಎಂದೆ. ಹಿಂದಿನ ಫೈಲನ್ನು ಕೆಡಿಸಿಕೊಂಡದ್ದನ್ನೂ ಅದರ ಜೊತೆಗೇ ಹೇಳಿಬಿಟ್ಟೆ.

“ಹೊಂದಲಾರದ್ದನ್ನ ಮೊದಲು ನೋಡಬೇಕವಾ,” ಎಂದರು. ಫೈಲಿನ ಮಾತನ್ನು ಅವರು ಎತ್ತಲೇ ಇಲ್ಲ. “ಹಾಕು, ನೋಡೂಣು.”

ಅವರ ಎದುರಿಗೇ ಬರೆದೆ. ಎರಡು ನೆಟ್ಟಗೆ, ಒಂದು ಓರೆ. ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಗಾಳಿಯಲ್ಲಿ ಆ ಮೂರನ್ನು ಮುಂದುವರಿಸಿದರು, ನಿಲ್ಲಿಸಿದರು, ಬೇರೆ ದಿಕ್ಕಿಗೆ ಹೊರಳಿಸಿದರು. “ಗೊತ್ತಾಗವಲ್ದು,” ಎಂದರು.

ನನಗೆ ಸೋತಂತಾಯಿತು. ಅವರು ಮಾತ್ರ ತಲೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡಿಸುತ್ತಿದ್ದರು. ಮೂರು ಹೊಲಿಗೆಗಳ ಆಚೆಗಿನ ಆ ಬಿಳಿಯ ಜಾಗವನ್ನೇ ನೋಡುತ್ತಿದ್ದರು.

“ಈಗ ಎಲ್ಲಿ ನೋಡಿದ್ರೂ ನಡುವ ಒಂದು ತೂತು ಕಾಣಸ್ತದ ನನಗ. ನಾ ಕಣ್ಣು ಹೊಳ್ಳಿಸಿದ ಕಡೆ ಅದೂ ಹೊಳ್ತದ. ಇದು ಹೊಳ್ಳವಲ್ದು ನೋಡು. ಇದ್ದಲ್ಲೇ ಅದ,” ಎಂದರು. “ಇದು ನಂದಲ್ಲ, ಸೀರೀದು.”

ಅವರ ಧ್ವನಿಯಲ್ಲಿ ಸಂತೋಷವಿತ್ತು. ನಾನು ಆ ಜಾಗವನ್ನು ಹಾಗೆಯೇ ಉಳಿಸಿದೆ. ಮೂರು ಹೊಲಿಗೆಗಳನ್ನು ಅವುಗಳದೇ ಲೇಯರ್‌ನಲ್ಲಿಟ್ಟು “ಏನೆಂದು ತಿಳಿಯದು” ಎಂದು ಹೆಸರು ಕೊಟ್ಟೆ. ಮೌಶಿ ಮೋಡಾವನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಆನೆಗಳ ಸಾಲನ್ನು ತೋರಿಸಲು ಹೇಳಿದರು. ಬಸ್ಸಿನ ಹೊತ್ತಾಗುವುದರೊಳಗೆ ಏಳು ಆನೆಗಳನ್ನು ಓದಿ ಮುಗಿಸಿದೆವು.