ಕೆಸರಿನಲ್ಲಿ ಉಳಿದ ಅಥಣಿ ಚಪ್ಪಲಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬಸ್ಸು ಎರಡೂವರೆಗೆ ಹೊರಡುವುದಿದ್ದುದರಿಂದ ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಆಮೇಲೆ ತಲೆ ಎತ್ತಿ, “ಹೋಗಿ ಬರ್ರಿ ಕಾಕಾ, ನೀರು ಇಳದೈತಿ” ಅಂದೆ. ಅಂದವಳು ನಾನೇ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಕಾಗವಾಡದಲ್ಲಿ ನನ್ನ ತವರುಮನೆಯ ಪಕ್ಕದ ದ್ರಾಕ್ಷಿ ತೋಟದವರು. ಚಳಿಗಾಲಕ್ಕೆ ದೂರದ ದೇಶಗಳಿಂದ ನಮ್ಮ ಕಡೆ ಹಿಂಡುಹಿಂಡಾಗಿ ಇಳಿಯುವ ಗುಲಾಬಿ ಮೈಯ ಹಕ್ಕಿಗೆ ನಾವು ಬೋರಡಿ ಅನ್ನುತ್ತೇವೆ. ಅದು ಕೂತ ತೋಟದಲ್ಲಿ ಗೊನೆ ಉಳಿಯುವುದಿಲ್ಲ. ಉಳಿದವರು ಪಟಾಕಿ ಹಾರಿಸಿ ಓಡಿಸುವಾಗ ಕಾಕಾ ತೋಟದ ಅಂಚಿಗೆ ಒಂದಿಷ್ಟು ಜೋಳ ಬಿತ್ತಿ ಬೋರಡಿಗೇ ಬಿಟ್ಟರು. ಗೊನೆ ಬಹುಮಟ್ಟಿಗೆ ಉಳಿಯಿತು. ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಇದನ್ನು ಬರೆದು ಕಳಿಸಿದ್ದೆ. ಕೊರಿಯಾದಲ್ಲಿ ನಡೆಯುವ ವಲಸೆ ಹಕ್ಕಿಗಳ ಸಂರಕ್ಷಣೆಯ ಸಭೆಗೆ ಇಬ್ಬರಿಗೂ ಕರೆ ಬಂತು. ಅವರು ಮಾತಾಡುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು.

ಹೊರಡುವ ದಿನ ಅವರ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದುಕೊಂಡಳು. “ಹೆಂಗ ಕಳಸಾಕತ್ತೇನಿ, ಹಂಗ ಹೊಳ್ಳಿ ಕರಕೊಂಡ ಬಾ ತಂಗಿ. ಇವರಿಗೆ ಮಾತು ಜಾಸ್ತಿ, ಬುದ್ಧಿ ಕಮ್ಮಿ.”

“ಬುದ್ಧಿ ಇದ್ದಿದ್ರ ನಿನ್ನ ಯಾಕ ಮಾಡ್ಕೋತಿದ್ದೆ?” ಅಂದರು ಕಾಕಾ, ಅಥಣಿಯಿಂದ ತಂದ ಹೊಸ ಚಪ್ಪಲಿಗೆ ಎಣ್ಣೆ ತಿಕ್ಕುತ್ತ. ಚಳಿಯ ದೇಶ, ಬೂಟು ಹಾಕಿಕೊಳ್ಳಿ ಎಂದರೆ ಕೇಳಲಿಲ್ಲ. ಕಾಲುಚೀಲದ ಮೇಲೆ ಅದೇ ಚಪ್ಪಲಿ.

ಸಭೆಯ ಎರಡನೆಯ ದಿನ ನಮ್ಮನ್ನು ಬಸ್ಸಿನಲ್ಲಿ ಸಮುದ್ರ ತೀರಕ್ಕೆ ಕರೆದೊಯ್ದರು. ನೀರು ಎಲ್ಲೋ ದೂರ ಸರಿದಿತ್ತು. ಕಣ್ಣು ಹಾಯುವತನಕ ಬೂದಿ ಬಣ್ಣದ ಕೆಸರು, ಅದರ ಮೇಲೆಲ್ಲ ಹಕ್ಕಿ. ಕೆಂಪು ಬಾವುಟದ ಆಚೆ ಹೋಗಬೇಡಿ ಎಂದು ಜೊತೆಗಿದ್ದವರು ಹೇಳಿದ್ದರು, ನಾನೂ ಕಾಕಾಗೆ ಹೇಳಿದ್ದೆ. ಆದರೆ ಬಾವುಟದಾಚೆ ಮೂವತ್ತು ಹೆಜ್ಜೆಯಲ್ಲಿ ಹರಿದ ಮೀನುಬಲೆಗೆ ಸಿಕ್ಕಿ ಒಂದು ಸಣ್ಣ ಹಕ್ಕಿ ಒದ್ದಾಡುತ್ತಿತ್ತು. ಸೀಸನ್ನಿನಲ್ಲಿ ದ್ರಾಕ್ಷಿಯ ಮೇಲಿನ ಬಲೆಯಿಂದ ದಿನಾ ಬೆಳಿಗ್ಗೆ ಹಕ್ಕಿ ಬಿಡಿಸುವ ಮನುಷ್ಯ ಇವರು. ನನ್ನ ಮುಖ ನೋಡಿದರು. ಆಗ ನಾನು ಆ ಮಾತು ಹೇಳಿದ್ದು.

ನಮ್ಮ ಕೃಷ್ಣೆ ಬೇಸಿಗೆಯಲ್ಲಿ ಒಮ್ಮೆ ಇಳಿದರೆ ಮಳೆಗಾಲದವರೆಗೆ ಹೊಳ್ಳಿ ಬರುವುದಿಲ್ಲ. ಆ ಹಸಿ ಮಣ್ಣಿನಲ್ಲಿ ನಾವು ಸೌತೆ ಬಳ್ಳಿ ಹಬ್ಬಿಸುತ್ತೇವೆ. ಸಮುದ್ರದ ಉಬ್ಬರ ಇಳಿತವನ್ನು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುವವಳು ನಾನು. ಆ ಕ್ಷಣ ಮಾತ್ರ ನನ್ನ ಕಣ್ಣಿಗೆ ಕಂಡದ್ದು ಇಳಿದ ಹೊಳೆ.

ಕಾಕಾ ಬಲೆಯ ಎಳೆ ಬಿಡಿಸಿದರು. ಹಕ್ಕಿ ಹಾರಿತು, ಕಾಕಾ ಅಲ್ಲೇ ನಿಂತರು. ಬಲಗಾಲು ಎತ್ತಲು ಹೋದರೆ ಎಡಗಾಲು ಇಳಿಯಿತು. “ಮಳ್ಯಾಗಿನ ಎರಿ ಹೊಲಾನ ಐತಿ ಇದು!” ಎಂದು ನಕ್ಕರು. ಮೊಣಕಾಲು ಮುಳುಗಿದಾಗ ನಗು ನಿಂತಿತು. ಆಗಲೇ ನಾನು ನೋಡಿದೆ: ನಮ್ಮಿಬ್ಬರ ನಡುವೆ ಒಣಗಿದ್ದ ಕೊರಕಲಿನಲ್ಲಿ ನೀರು ಹೊಳೆಯುತ್ತ ದಡದ ಕಡೆಗೆ ಹರಿಯುತ್ತಿತ್ತು. ಅಲೆಯಿಲ್ಲ, ಸದ್ದಿಲ್ಲ.

ನಾನು ಇಳಿಯಲಿಲ್ಲ. ಬರೀ ಚೀರಿದೆ. ಇವತ್ತಿಗೂ ಕಣ್ಣ ಮುಂದೆ ಬರುವುದು ಆ ಕೆಸರಲ್ಲ, ದಡದ ಕಲ್ಲಿನ ಮೇಲೆ ಕದಲದೆ ನಿಂತ ನನ್ನ ಎರಡು ಕಾಲು.

ಜೊತೆಗಿದ್ದವರೆಲ್ಲ ಆಗಲೇ ಬಸ್ಸಿನ ಕಡೆ ನಡೆದಿದ್ದರು. ಚೀರಾಟ ಕೇಳಿ ಬಂದವಳು ಚಿಪ್ಪು ಆರಿಸುತ್ತಿದ್ದ ಒಬ್ಬ ಮುದುಕಿ. ಉದ್ದನೆಯ ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ಕೆಸರು ತಳ್ಳುತ್ತ ಜಾರಿಕೊಂಡು ಬಂದಳು. ಹಿಂದಕ್ಕೆ ಮಲಗು ಎಂದು ಕಾಕಾಗೆ ಕೈಸನ್ನೆ ಮಾಡಿದಳು.

“ಬೆನ್ನ ಮ್ಯಾಲ ಮಲಕೋರಿ ಕಾಕಾ!”

“ಕೆಸರಾಗ ಮಲಗಾಕ ನಾನೇನ ಎಮ್ಮೀ ಏನ?”

ಮುದುಕಿ ಅವರ ಹೆಗಲಿಗೆ ಒಂದು ಏಟು ಕೊಟ್ಟು ಬೈದಳು. ಭಾಷೆ ತಿಳಿಯಲಿಲ್ಲ, ರಾಗ ಮಾತ್ರ ಥೇಟ್ ಕಾಕುವಿನದು. ಕಾಕಾ ತಟ್ಟನೆ ಮಲಗಿದರು. ಅವಳು ಅವರ ಕಾಲಿನ ಪಕ್ಕಕ್ಕೆ ತೋಳು ಇಳಿಸಿ, ನೀರು ಒಳಹೋಗಿ ಕೆಸರಿನ ಹಿಡಿತ ಸಡಿಲಾಗಲು ಜಾಗ ಮಾಡಿ, ಒಂದು ಕಾಲು ಬಿಡಿಸಿದಳು, ಆಮೇಲೆ ಇನ್ನೊಂದು. ಚಪ್ಪಲಿ ಒಳಗೇ ಉಳಿದವು. ಅವರನ್ನು ಹಲಗೆಯ ಮೇಲೆ ಬೋರಲು ಹಾಕಿ ತಳ್ಳುತ್ತ ಬಂದಳು. ದಡ ಮುಟ್ಟುವ ಹೊತ್ತಿಗೆ ಹಲಗೆ ತೇಲುತ್ತಿತ್ತು.

ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಬೆಚ್ಚಿ ಹಿಂದೆ ಸರಿದಳು. ತನ್ನ ಕೊರಳಿನ ಉಣ್ಣೆಯ ಬಟ್ಟೆ ಬಿಚ್ಚಿ ಕಾಕಾಗೆ ಸುತ್ತಿ, ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಕಾಕಾ ಯಾರದೋ ಬೂಟು ಹಾಕಿಕೊಂಡು ಜೋಳದ ಕಥೆ ಹೇಳಿದರು. “ಕಾಕುಗ ಹೇಳಬ್ಯಾಡ” ಎಂದು ನನ್ನಿಂದ ಮಾತು ತೆಗೆದುಕೊಂಡರು. ಊರಲ್ಲಿ ಚಪ್ಪಲಿ ಎಲ್ಲಿ ಎಂದು ಕಾಕು ಕೇಳಿದಾಗ, “ಅಲ್ಲಿ ಮಂದಿಗೆ ಭಾಳ ಸೇರಿದ್ವು, ಕೊಟ್ಟ ಬಂದೆ” ಅಂದುಬಿಟ್ಟರು. ನಾನು ಚಿಕ್ಕೋಡಿಗೆ ಬಂದೆ. ದಿನಾ ಅರ್ಧ ನಿದ್ದೆಯಲ್ಲಿ ಮೊಣಕಾಲು ತಣ್ಣಗಾಗಿ ಎಚ್ಚರವಾಗುತ್ತಿತ್ತು.

ಬೋರಡಿ ಬಂದಿವೆ ಎಂದು ತಿಳಿದ ವಾರ ಕಾಗವಾಡಕ್ಕೆ ಹೋದೆ. ಜೋಳದ ಅಂಚಿನಲ್ಲಿ ಕಾಕು ಒಬ್ಬಳೇ ಇದ್ದಳು. ತಡೆಯಲಾಗದೆ ಎಲ್ಲ ಹೇಳಿದೆ. ಹೋಗಿ ಎಂದವಳು ನಾನು, ಇಳಿಯದೆ ನಿಂತವಳೂ ನಾನು.

ಕಾಕು ತೆನೆಯ ಮೇಲಿನ ಹಕ್ಕಿಗಳನ್ನೇ ನೋಡುತ್ತಿದ್ದಳು. “ಏನೋ ಆಗೈತಿ ಅಂತ ಗೊತ್ತಿತ್ತ ಬಿಡ. ಆ ಚಪ್ಪಲಿ ಕೇಳಿದ್ರ ಕೊಡೂ ಪೈಕಿ ಏನ ಇವರು? ನಿದ್ದ್ಯಾಗ ‘ಮಲಕೊಂಡೇನಿ, ಮಲಕೊಂಡೇನಿ’ ಅಂತ ಒದರತಾರ. ಮಲಕೊಂಡವರು ಯಾಕ ಒದರತಾರಂತ ನಂಗೂ ತಿಳೀಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನೀ ಇಳದಿದ್ರ ಇಬ್ಬರನೂ ಕಳಕೋತಿದ್ನೆಲ್ಲ ಬೇ. ನಿಂತ ಚೀರಿದಿ, ಅಕಿಗೆ ಕೇಳಿಸ್ತು. ಮತ್ತೇನ ಬೇಕು?”

ಮನೆಗೆ ಬಂದವಳೇ ಡಬ್ಬಿಯ ತುಂಬ ಒಣದ್ರಾಕ್ಷಿ ಒತ್ತಿ ತುಂಬಿದಳು. “ಸಭಾದವರಿಗೆ ಬರದ ಕೇಳು. ಆ ಮುದಿಕೀಗ ಮುಟ್ಟಬೇಕ ಇದು. ಹೆಗಲಿಗೆ ಹೊಡದಿದ್ದಕ್ಕ ಬ್ಯಾರೆ ಒಂದ ಮುಟಗಿ ಹಾಕೇನಿ.”

“ಹೇಳಬ್ಯಾಡ ಅಂದಿದ್ನೆಲ್ಲ!” ಎಂದು ಕಾಕಾ ಒಳಗಿನಿಂದ ಕೂಗಿದರು.

“ನೀವು ಸುಮ್ಮ ಮಲಕೋರಿ” ಅಂದಳು ಕಾಕು.

ಆ ರಾತ್ರಿ ಅವರ ಪಡಸಾಲೆಯಲ್ಲೇ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು, ಜೋಳದಲ್ಲಿ ಬೋರಡಿಗಳ ಗದ್ದಲ. ಒಳಕೋಣೆಯಲ್ಲಿ ಕಾಕಾ ಇನ್ನೂ ಗೊರಕೆ ಹೊಡೆಯುತ್ತಿದ್ದರು.