ಅಮ್ಮ ಕೊಟ್ಟ ತೀರ್ಪುಗಳು

ಕೋರ್ಟಿನ ತೀರ್ಪುಗಳ ಸಾರ ಬರೆಯುವುದು ನನ್ನ ಕಸುಬು. ಒಂದು ಕಾನೂನು ಪತ್ರಿಕೆಗಾಗಿ ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಫ್ಲ್ಯಾಟಿನಲ್ಲೇ ಕೂತು ಬರೆಯುತ್ತೇನೆ. ಬಾಡಿಗೆ ತಗಾದೆಯೋ, ಅಪಘಾತದ ಪರಿಹಾರವೋ, ಹೆಣ್ಣುಮಕ್ಕಳ ಪಾಲೋ, ಪುಟಗಟ್ಟಲೆ ಓದಿ ಒಂದು ಪ್ಯಾರಾಕ್ಕೆ ಇಳಿಸಬೇಕು. ಸಂಜೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಾಗ ಅವತ್ತಿನ ಮೊಕದ್ದಮೆಯನ್ನು ಕಥೆ ಮಾಡಿ ಹೇಳುತ್ತಿದ್ದೆ. ಕೋರ್ಟು ಏನಂದಿತು ಎಂದು ನಾನು ಹೇಳುವ ಮೊದಲು ಅಮ್ಮ ತನ್ನ ತೀರ್ಪು ಕೊಡಬೇಕು. ಅದು ನಮ್ಮಿಬ್ಬರ ಆಟ.

ಅಣ್ಣತಮ್ಮಂದಿರ ಪಾಲಿನ ಕೇಸಾದರೆ, "ಆ ತಮ್ಮಂಗೆ ಒಂದು ಬಿಡಿಗಾಸೂ ಕೊಡಬಾರದು ಕಣೆ, ಕಳ್ಳ ಅವನು" ಎನ್ನುತ್ತಿದ್ದಳು. ಕೋರ್ಟು ಕೊಟ್ಟಿದೆ ಎಂದರೆ ಜಡ್ಜಿಗೆ ಬೈಗುಳ.

ಅಪ್ಪ ಹೋದ ಮೇಲೆ ಮೈಸೂರಿನ ಬಾಡಿಗೆ ಮನೆ ಬಿಡಿಸಿ ಅವಳನ್ನು ಇಲ್ಲಿಗೆ ಕರೆತಂದಿದ್ದೆ. ಹಿಂದಿ ಬಾರದು, ಕಲಿಯುವ ಮನಸ್ಸೂ ಇಲ್ಲ. ಸಂಜೆ ಮೊಸರನ್ನದ ಡಬ್ಬಿ ಹಿಡಿದು ಲಿಫ್ಟಿನಲ್ಲಿ ಇಳಿದು, ಗೇಟಿನೊಳಗಿನ ಬೇವಿನ ಮರದಡಿ ಒಂದು ಕಂದು ಬೀದಿನಾಯಿಗೆ ಹಾಕುತ್ತಿದ್ದಳು. "ಬಾ ಮಗಾ, ಇವತ್ತು ಮೊಸರು ಹುಳಿ ಆಗಿದೆ, ಬೈಕೋಬೇಡ" ಎಂದು ಶುರುವಾದರೆ ಊರ ಸುದ್ದಿಯೆಲ್ಲ ಅದಕ್ಕೆ. ಇಡೀ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನನ್ನನ್ನು ಬಿಟ್ಟರೆ ಅವಳ ಕನ್ನಡ ಕೇಳಿಸಿಕೊಳ್ಳುತ್ತಿದ್ದದ್ದು ಆ ನಾಯಿಯೊಂದೇ. ಅವಳು ಮನೆಯಿಂದ ಹೊರಬೀಳುತ್ತಿದ್ದದ್ದೂ ಅದಕ್ಕಾಗಿ ಮಾತ್ರ.

ದೆಹಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ, ಮತ್ತೆ ಹೊರಗೆ ಬಿಡಕೂಡದು ಎಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ಅದರ ಸಾರವನ್ನೂ ನಾನೇ ಬರೆದೆ. ಅವತ್ತು ಕಥೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಎರಡು ದಿನಕ್ಕೇ ಸೊಸೈಟಿಯವರು ವ್ಯಾನು ಕರೆಸಿ ಆ ನಾಯಿಯನ್ನು ಹಿಡಿಸಿದರು. ಬಾಲ್ಕನಿಯಲ್ಲಿ ನಿಂತು ಎಲ್ಲ ನೋಡಿದ ಅಮ್ಮ ಸೊಪ್ಪನ್ನು ಬಿಡಿಸದೆ ಹಾಗೇ ಫ್ರಿಜ್ಜಿನಲ್ಲಿಟ್ಟಳು.

ಸ್ವಲ್ಪ ದಿನಕ್ಕೆ ಕೋರ್ಟು ಆದೇಶ ಬದಲಿಸಿತು. ಆಪರೇಷನ್ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು. ಊಟ ಹಾಕಲು ಗೊತ್ತುಮಾಡಿದ ಜಾಗ ಇರಬೇಕು. ಓದಿದವಳೇ ಅಡುಗೆಮನೆಗೆ ಓಡಿದೆ. ಅಮ್ಮ ಎರಡೆರಡು ಸಲ ಹೇಳಿಸಿಕೊಂಡಳು.

"ಹಿಡಿದ ಜಾಗದಲ್ಲೇನಾ?"

"ಅಲ್ಲೇ, ಅಮ್ಮ."

ನಾಯಿ ಬಂತು, ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು. ಅಮ್ಮ ಡಬ್ಬಿ ಹಿಡಿದು ಇಳಿದಳು, ನಾನೂ ಜೊತೆಗೆ ಹೋದೆ. ಗೇಟಿನ ಕಾವಲುಗಾರ ಅಡ್ಡ ಬಂದ. "ಮಾತಾಜಿ, ಯಹಾ ನಹೀ. ಉಧರ್." ಇಲ್ಲಿ ಬೇಡ, ಅಲ್ಲಿ ಎಂದು ರಸ್ತೆಯಾಚೆ ಕೈ ತೋರಿಸಿದ. ಊಟದ ಜಾಗವೆಂದು ಸೊಸೈಟಿ ಗೊತ್ತುಮಾಡಿದ್ದು ಹೆದ್ದಾರಿಯಂಥ ರಸ್ತೆಯ ಆಚೆ, ಚರಂಡಿ ಪಕ್ಕ. ಕಾರುಗಳು ನಿಲ್ಲುವುದೇ ಇಲ್ಲ. ಅಮ್ಮನ ಮಂಡಿಗೆ ಅದು ಆಗದ ಮಾತು. ಕಮಿಟಿಯವರ ಹತ್ತಿರ ಕೂಗಾಡಿ ಬಂದೆ. ಅವರು ನಾನೇ ಬರೆದ ಸಾರವನ್ನು ಮೊಬೈಲಿನಲ್ಲಿ ತೆಗೆದು, "ಗೊತ್ತುಮಾಡಿದ ಜಾಗ" ಎಂಬಲ್ಲಿ ಬೆರಳಿಟ್ಟು ನನಗೇ ತೋರಿಸಿದರು.

ಅಂದಿನಿಂದ ಅಮ್ಮ ಲಿಫ್ಟು ಹತ್ತಿಲ್ಲ. ಅನ್ನ ಕಲಸಿ ಕೊಡುತ್ತಾಳೆ, ನಾನು ರಸ್ತೆ ದಾಟಿ ಹೋಗಿ ಹಾಕಿ ಬರುತ್ತೇನೆ, ಅವಳು ಬಾಲ್ಕನಿಯಿಂದ ನೋಡುತ್ತಾಳೆ. ಮೊನ್ನೆ ಡಬ್ಬಿಯನ್ನು ಕೈಗಿಟ್ಟವಳು ಬಿಡಲಿಲ್ಲ.

"ಒಂದು ಕೇಸು ಹೇಳ್ತೀನಿ, ಸಾರ ಬರಿ" ಎಂದಳು. "ನಾಯಿನ ಹಿಡಿದ ಜಾಗದಲ್ಲೇ ಬಿಡಬೇಕು ಅಂತಾಯ್ತಲ್ಲ. ನನ್ನನ್ನ ಎಲ್ಲಿಂದ ಹಿಡಕೊಂಡು ಬಂದೆ, ಜ್ಞಾಪಕ ಇದೆಯೇನೇ?"

ಮೈಸೂರಿನ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಲ್ಲಿ ಅವಳನ್ನು ಒಬ್ಬಳೇ ಇರಿಸಲಾರೆ, ಕೆಲಸ ಬಿಟ್ಟು ನಾನೂ ಹೋಗಲಾರೆ. ಇದೆಲ್ಲ ಅವಳಿಗೂ ಗೊತ್ತು. ಆಟದ ಪ್ರಕಾರ ಈ ಸಲ ತೀರ್ಪು ನಾನು ಕೊಡಬೇಕಿತ್ತು. ಅಮ್ಮ ಡಬ್ಬಿ ಬಿಟ್ಟಳು.

"ಹೋಗು, ಅದು ಕಾಯ್ತಿರುತ್ತೆ" ಎಂದು ಬಾಲ್ಕನಿಗೆ ಹೋಗಿ ನಿಂತಳು.