ಸೆನೆಟರ್ ಕಣ್ಣಿಗಾಗಿ ಮಾಡಿಸಿದ ಪೂಜೆ

ಸೆನೆಟರ್ ಅವರ ಕಣ್ಣಿನ ಆಪರೇಷನ್ ಆ ದಿನವೇ ಆಗಬೇಕಾಗಿರಲಿಲ್ಲ, ಪ್ರಕಾಶ್. ಅದು ಮುಂದಿನ ತಿಂಗಳಿಗೆ ನಿಗದಿಯಾಗಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿ ಅದನ್ನು ಸೆನೆಟಿನಲ್ಲಿ ಮಸೂದೆಯ ಮತದಾನದ ದಿನಕ್ಕೇ ಬದಲಾಯಿಸಿಕೊಂಡವನು ನಾನು. ಯಾಕೆ ಎಂದು ತಿಳಿದೇ ಬದಲಾಯಿಸಿದೆ. ತಿಳಿದಿದ್ದೂ ನಿನಗೆ ಹೇಳಲಿಲ್ಲ. ನಿನ್ನ ಅಕ್ಕನಿಗೂ ಹೇಳಲಿಲ್ಲ — ಅವಳು ಹಾಸಿಗೆ ಹಿಡಿದು, ಮಾತು ನಿಂತು, ಹೋಗುವವರೆಗೂ.

ನಿನ್ನ ಅಕ್ಕ ಸ್ಟೆಲ್ಲಾಳನ್ನು ಬ್ರಿಸ್ಬೇನಿನ ಮಣ್ಣಿನಲ್ಲಿ ಬಿಟ್ಟು ನಾನು ಪರ್ತ್‌ಗೆ ಬಂದು ಮಗಳ ಮನೆಯಲ್ಲಿ ಇದ್ದೇನೆ. ಮಗಳು ಜೂಂಡಲಪ್ ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ಸದ್ದೇ ಇರುವುದಿಲ್ಲ. ಇಂಥ ಮೌನದಲ್ಲಿ ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ಅರ್ಧದಲ್ಲಿ ಬೇರೆ ಮಾತಿಗೆ ತಿರುಗಿಬಿಡುತ್ತೇನೆ — ನನ್ನ ಸ್ವಭಾವ ನನಗೆ ಗೊತ್ತು.

ಹೋದ ಗುರುವಾರ ನೀನು ಅಡಿಲೇಡ್‌ನಿಂದ ಲೋಡು ತಂದು ಇಳಿಸಿ, ಎಂದಿನಂತೆ ಇಲ್ಲಿ ಊಟಕ್ಕೆ ಬಂದೆ. ಸಾರು ಕಲಸಿಕೊಳ್ಳುತ್ತಾ ಫೋನು ನನ್ನ ಕಡೆ ತಿರುಗಿಸಿದೆ. ಸೆನೆಟರ್ ನಿವೃತ್ತಿಯ ಭಾಷಣ ಮಾಡುತ್ತಿದ್ದರು. ಗೆದ್ದ ಚುನಾವಣೆಗಳನ್ನು ನೆನೆದರು, ಹೆಂಡತಿಗೆ ಥ್ಯಾಂಕ್ಸ್ ಹೇಳಿದರು. ಕೊನೆಗೆ, ‘ಇಷ್ಟು ವರ್ಷಗಳಲ್ಲಿ ಕೊಟ್ಟ ಮಾತಿಗೆ ವಿರುದ್ಧವಾಗಿ ಒಂದೇ ಒಂದು ಮತವನ್ನೂ ಹಾಕಿದವನಲ್ಲ’ ಎಂದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ನೀನು ತಲೆಯಾಡಿಸಿದೆ. "ಅದು ನಿಜ, ಭಾವ. ಪಾಪ, ಅವತ್ತು ಕಣ್ಣು ಕೈಕೊಡದೇ ಇದ್ದಿದ್ರೆ ನಮ್ ಪರವಾಗಿ ಕೂತೇ ಕೂರ್ತಿದ್ರು. ಈಗ ಹೇಗಿದೆಯಂತೆ ಕಣ್ಣು?"

"ಚೆನ್ನಾಗಿದೆಯಂತೆ" ಎಂದೆ. ನಿನಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.

ಅಷ್ಟೇ ಸಾಕಾಯಿತು. ಸ್ಟೆಲ್ಲಾ ಇದ್ದಾಗ ಹೇಳಿದ ಅದೇ ಸುಳ್ಳನ್ನು ಅವಳು ಹೋದ ಮೇಲೂ ಅದೇ ದನಿಯಲ್ಲಿ ಹೇಳಿದೆ.

ನಾನು ಸೆನೆಟರ್ ಕಚೇರಿಯಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ನೀನು ಸರಿಯಾಗಿ ಕೇಳಿದವನೇ ಅಲ್ಲ. ದೊಡ್ಡದೇನಲ್ಲ. ಅವರ ಕಾರು ಓಡಿಸುತ್ತಿದ್ದೆ, ಟಪಾಲು ವಿಂಗಡಿಸುತ್ತಿದ್ದೆ, ಅವರು ಎಲ್ಲಿಗೆ ಯಾವಾಗ ಹೋಗಬೇಕು ಎಂದು ಗೊತ್ತು ಮಾಡುತ್ತಿದ್ದೆ. ರಾಯಪ್ಪ ಎನ್ನಲು ಬಾರದೆ ಅವರು ನನ್ನನ್ನು ‘ರಾಯ್’ ಎನ್ನುತ್ತಿದ್ದರು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮವರಿಗೆ ಮಾತ್ರ ನಾನು ‘ಸೆನೆಟ್ ಅಂಕಲ್’. ಬಾರ್ಬೆಕ್ಯೂ ಊಟಕ್ಕೆ ಹೋದರೆ ಹುಡುಗರು ಕಿಚಾಯಿಸುತ್ತಿದ್ದರು: "ಅಂಕಲ್, ಟ್ರೈನು ದಿನಾ ಲೇಟು, ನಿಮ್ ಯಜಮಾನ್ರಿಗೆ ಒಂದ್ ಮಾತು ಹೇಳ್ಬಿಡಿ." ನಾನು, "ಅದು ಸ್ಟೇಟ್ ಸರ್ಕಾರದ್ದು ಕಣಯ್ಯ" ಎಂದು ಗಂಭೀರವಾಗಿ ಉತ್ತರಿಸುತ್ತಿದ್ದೆ. ಒಳಗೊಳಗೇ ಖುಷಿ. ಹತ್ತನೇ ತರಗತಿ ಓದಿ, ಮಸ್ಕತ್ತಿನಲ್ಲಿ ವ್ಯಾನು ಓಡಿಸಿಕೊಂಡಿದ್ದವನಿಗೆ ಅಷ್ಟು ಮರ್ಯಾದೆ — ಅದು ಕೈತಪ್ಪಬಾರದು ಎಂಬ ಆಸೆಯೇ ನನ್ನನ್ನು ಕೆಡಿಸಿತು. ಕೆಡಿಸಿತು ಎನ್ನುವುದೂ ತಪ್ಪು. ನಾನೇ ಕೆಟ್ಟೆ.

ನಿನ್ನ ಅಕ್ಕ ಆ ಮನುಷ್ಯನಿಗಾಗಿ ಪ್ರತಿ ಚುನಾವಣೆಯಲ್ಲೂ ಶಾಲೆಯ ಗೇಟಿನ ಹತ್ತಿರ ನಿಂತವಳು. ಮತ ಹಾಕಲು ಬಂದವರಿಗೆ ಮಾರಲು ಸಾಸೇಜು, ಈರುಳ್ಳಿ ಹುರಿಯುವ ಹೊಗೆಯಲ್ಲಿ ಕೆಮ್ಮುತ್ತಾ, ಯಾರಿಗೆ ಯಾವ ನಂಬರು ಹಾಕಬೇಕೆಂದು ತೋರಿಸುವ ಪಕ್ಷದ ಚೀಟಿ ಹಂಚುತ್ತಿದ್ದಳು. ಸೆನೆಟಿನ ಮತಪತ್ರವೋ ಮೇಜಿಗೆ ಹಾಸುವಷ್ಟು ಉದ್ದ. ಹೊಸದಾಗಿ ಮತದ ಹಕ್ಕು ಸಿಕ್ಕ ನಮ್ಮ ಹೆಂಗಸರಿಗೆ, "ಒಂದಕ್ಕೇ ನಿಲ್ಲಿಸ್ಬೇಡ್ರಮ್ಮಾ, ಆರರ ತನಕ ನಂಬರು ಹಾಕಿ, ಇಲ್ದಿದ್ರೆ ನಿಮ್ ಮತ ದಾರೀಲೇ ಉಳ್ಕೊಳತ್ತೆ" ಎಂದು ಕಲಿಸುತ್ತಿದ್ದಳು.

ನೀನು, ರೀಟಾ, ಮಗು ನಿತಿನ್ ಆಗಷ್ಟೇ ಗಲ್ಫ್ ಬಿಟ್ಟು ಅಡಿಲೇಡ್‌ಗೆ ಬಂದಿದ್ದಿರಿ. ನಿತಿನ್ ನಡೆಯಲಾರ, ಒಬ್ಬರು ಸದಾ ಜೊತೆಗಿರಬೇಕು. ಅಂಥವರನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ನೆರವಿಗೆ ಹೊಸದಾಗಿ ಬಂದವರು ಇನ್ನಷ್ಟು ವರ್ಷ ಕಾಯಬೇಕು ಎಂಬ ಮಸೂದೆ ಆಗಲೇ ಬಂತು. ಸೆನೆಟರ್ ಅವರ ಪಕ್ಷ ಅದರ ಪರ. ನಮ್ಮ ಸಂಘದ ಊಟಕ್ಕೆ ಅವರು ಬಂದಾಗ ಸ್ಟೆಲ್ಲಾ ತಟ್ಟೆ ಕೈಯಲ್ಲಿ ಹಿಡಿದೇ ಅವರ ಮುಂದೆ ನಿಂತಳು. ನಿತಿನ್ ವಿಷಯ ಹೇಳಿದಳು. ಅವರ ಕಣ್ಣಲ್ಲಿ ನೀರು ಬಂತು — ಅದು ಸುಳ್ಳು ನೀರಲ್ಲ, ಪಕ್ಕದಲ್ಲೇ ನಿಂತು ನೋಡಿದ್ದೇನೆ. "ಸ್ಟೆಲ್ಲಾ, ನಾನು ಎದುರು ಬದಿಗೆ ಹೋಗಿ ಕೂರುತ್ತೇನೆ. ಮಾತು ಕೊಟ್ಟಿದ್ದೇನೆ" ಎಂದರು.

ಸೆನೆಟಿನಲ್ಲಿ ಹಾಗೆಯೇ. ಗಂಟೆ ಬಾರಿಸಿ ಬಾಗಿಲು ಹಾಕಿದ ಮೇಲೆ, ಹೌದು ಎನ್ನುವವರು ಅಧ್ಯಕ್ಷರ ಬಲಗಡೆ ಕೂರುತ್ತಾರೆ, ಬೇಡ ಎನ್ನುವವರು ಎಡಗಡೆ. ಸ್ವಂತ ಪಕ್ಷ ಬಿಟ್ಟು ಎದ್ದು ಹೋಗಿ ಆಚೆ ಕೂರುವುದನ್ನು ಇಡೀ ಸಭೆ ನೋಡುತ್ತದೆ.

ಅದೇ ಹೊತ್ತಿಗೆ ನಿನ್ನ ಹಳೆಯ ಕಂಪನಿ ಗಲ್ಫಿಗೆ ವಾಪಸು ಕರೆದಿತ್ತು. ನಿತಿನ್‌ನ ಚಿಕಿತ್ಸೆಯೂ ಅವರದೇ ಖರ್ಚು. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು.

ಆ ಸೋಮವಾರ ಟೂವಾಂಗ್ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಸೆನೆಟರ್ ಕಿಟಕಿಯ ಆಚೆ ನೋಡುತ್ತಾ, "ರಾಯ್, ಆ ಕಣ್ಣಿನ ಆಪರೇಷನ್ನು — ಮಸೂದೆಯ ದಿನಕ್ಕೇ ಮಾಡಿಸಿಕೊಂಡರೆ ಹೇಗೆ?" ಎಂದರು. ಸ್ವಲ್ಪ ಬಿಟ್ಟು, "ಪೇರ್ ಸಿಗುತ್ತದೆ" ಎಂದರು.

ಈ ಪೇರ್ ಎಂಬುದು ನಿನ್ನ ಅಕ್ಕನಿಗೆ ಗೊತ್ತಿರಲಿಲ್ಲ. ನಿನಗೆ ಈಗಲೂ ಗೊತ್ತಿಲ್ಲ. ಪೇರ್ ಎಂದರೆ ಜೋಡಿ. ಒಂದು ಕಡೆಯವರೊಬ್ಬರು ಕಾಯಿಲೆಯೆಂದು ಬಾರದಿದ್ದರೆ, ಎದುರು ಕಡೆಯವರೂ ಒಬ್ಬರನ್ನು ಹೊರಗಿಡುತ್ತಾರೆ, ಲೆಕ್ಕ ಸಮವಾಗಿರಲಿ ಎಂದು. ಅಂದರೆ ನಮ್ಮ ಸೆನೆಟರ್ ಬಾರದಿದ್ದುದಕ್ಕೆ, ಮಸೂದೆ ಬೇಡವೆಂದು ಎಡಗಡೆ ಕೂರಬೇಕಾಗಿದ್ದ ಇನ್ನೊಬ್ಬರೂ ಕೂರಲಿಲ್ಲ. ಬಲಗಡೆ ಕೂತಿದ್ದರೆ ನಮಗೆ ಎಷ್ಟು ಕೇಡೋ, ಬಾರದೆ ಇದ್ದುದೂ ಅಷ್ಟೇ ಕೇಡು. ಕೂತದ್ದನ್ನು ಯಾರೂ ನೋಡಲಿಲ್ಲ, ಅಷ್ಟೇ ವ್ಯತ್ಯಾಸ. ಅವರು ಭಾಷಣದಲ್ಲಿ ಹೇಳಿದ್ದು ಸುಳ್ಳಲ್ಲ, ಪ್ರಕಾಶ್. ಕೊಟ್ಟ ಮಾತಿಗೆ ವಿರುದ್ಧವಾಗಿ ಅವರು ಮತ ಹಾಕಲಿಲ್ಲ. ಮತವನ್ನೇ ಹಾಕಲಿಲ್ಲ.

ನನಗೆ ಸಿಗ್ನಲ್ಲಿನಲ್ಲೇ ಅರ್ಥವಾಯಿತು. "ಆಗಲಿ ಸರ್" ಎಂದೆ. ಕ್ಲಿನಿಕ್ಕಿನ ಹುಡುಗಿ ಹಿಂದೆಮುಂದೆ ನೋಡಿದಾಗ, ಅವಸರವಿದೆ ಎಂದು ಒತ್ತಾಯವನ್ನೂ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಸ್ಟೆಲ್ಲಾ ನಿನಗೆ ಫೋನ್ ಮಾಡಿದಳು. ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. "ಬೇಡ ಅಂತ ಹೇಳ್ಬಿಡು ಪ್ರಕಾಶ. ಈಗಷ್ಟೇ ಬೇರು ಬಿಟ್ಟಿದೀರ, ಮತ್ತೆ ಕೀಳ್ಬೇಡ. ಸೆನೆಟರ್ರೇ ಬಾಯ್ಬಿಟ್ಟು ಹೇಳಿದಾರೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನ್ರೀ?" ಎಂದಳು.

ನಾನು ತಲೆಯಾಡಿಸಿದೆ.

ಒಂದು ಮಾತು ಆಡಿದ್ದರೆ — ‘ಸ್ವಲ್ಪ ತಡಿ’ ಎಂದಿದ್ದರೂ ಸಾಕಿತ್ತು. ಆಡಲಿಲ್ಲ. ಸಿಪ್ಪೆ ಬಿಡಿಸುತ್ತಲೇ ಇದ್ದೆ. ನೀನು ಅವತ್ತು ಮಧ್ಯಾಹ್ನವೇ ಕಂಪನಿಗೆ ಬೇಡವೆಂದೆ.

ಮಸೂದೆ ಪಾಸಾಯಿತು. ಅವರು ಎಡಗಡೆ ಕೂತಿದ್ದರೂ ಪಾಸಾಗುತ್ತಿತ್ತೋ ಏನೋ. ಆ ಲೆಕ್ಕದ ಹಿಂದೆ ನಾನು ಬಹಳ ವರ್ಷ ಅಡಗಿಕೊಂಡಿದ್ದೆ. ಆದರೆ ಅವರು ಕೂರುವುದಿಲ್ಲ ಎಂದು ತಿಳಿದೂ ನಿನ್ನ ಕೆಲಸ ಕೈಬಿಡಿಸಿದ್ದಕ್ಕೆ ಯಾವ ಲೆಕ್ಕ ಕೊಡಲಿ? ಆಮೇಲೆ ನೀನು ಮತ್ತೆ ಕೇಳಿದಾಗ ಕಂಪನಿ ಕಿವಿಗೊಡಲಿಲ್ಲ. ಇಂಜಿನಿಯರ್ ಆಗಿದ್ದವನು ಟ್ರಕ್ಕಿನ ಲೈಸೆನ್ಸ್ ಮಾಡಿಸಿದೆ. ಅಡಿಲೇಡ್–ಪರ್ತ್, ಪರ್ತ್–ಅಡಿಲೇಡ್. ಬೆಳೆದ ಮಗನನ್ನು ಒಬ್ಬಳೇ ಎತ್ತಿ ಎತ್ತಿ ರೀಟಾಳ ಬೆನ್ನು ಹೋಯಿತು.

ಸ್ಟೆಲ್ಲಾಗೆ ನಾನು ಹೇಳಿದ್ದು, "ಪಾಪ, ಕಣ್ಣಿಗೆ ಅರ್ಜೆಂಟಾಗಿ ಆಪರೇಷನ್ ಆಯ್ತಂತೆ." ಅವಳು ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಮುಂದಿನ ಭಾನುವಾರ ಚರ್ಚಿನಲ್ಲಿ ಅವರ ಕಣ್ಣಿಗಾಗಿ ಪೂಜೆ ಮಾಡಿಸಿದಳು. ಫಾದರ್ ಸೆನೆಟರ್ ಹೆಸರು ಓದುವಾಗ ನಾನು ಅವಳ ಪಕ್ಕದಲ್ಲೇ ಮೊಣಕಾಲೂರಿದ್ದೆ. ನಾನೂ ‘ಆಮೆನ್’ ಎಂದೆ. ಆಮೇಲೆ ಎಷ್ಟೋ ಸಲ ಪಾಪನಿವೇದನೆಗೆ ಹೋಗಿ, ಸಿಟ್ಟು ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ ಎಂಬ ಸಣ್ಣ ಪಾಪಗಳನ್ನೆಲ್ಲ ಹೇಳಿ ಎದ್ದು ಬಂದಿದ್ದೇನೆ.

ಅವಳು ಸೆನೆಟರ್ ಮೇಲೆ ಒಂದು ದಿನವೂ ಕೋಪ ಮಾಡಿಕೊಳ್ಳಲಿಲ್ಲ. ಮುಂದಿನ ಚುನಾವಣೆಗೆ, ಕೀಮೋಗೆ ಕೂದಲು ಉದುರಿದ ತಲೆಗೆ ಬಟ್ಟೆ ಕಟ್ಟಿಕೊಂಡು, ಅವರ ಚೀಟಿ ಹಂಚಲು ಮತ್ತೆ ಅದೇ ಗೇಟಿನ ಹತ್ತಿರ ನಿಂತಳು. ಅವಳು ಕೋಪ ಮಾಡಿಕೊಂಡದ್ದು ತನ್ನ ಮೇಲೆ. "ಆ ಫೋನ್ ನಾನು ಮಾಡ್ಬಾರ್ದಿತ್ತು ಕಣ್ರೀ. ತಮ್ಮನ ಬಾಳು ನಾನೇ ಹಾಳ್ ಮಾಡ್ದೆ." ಅನ್ನ ಬಡಿಸುವಾಗ, ಬಟ್ಟೆ ಮಡಿಸುವಾಗ ಹೇಳುತ್ತಿದ್ದಳು. ಕೊನೆಯ ವಾರ ಮಾರ್ಫಿನ್ ಅಮಲಿನಲ್ಲೂ ಹೇಳಿದಳು. ‘ನೀನಲ್ಲ, ನಾನು’ ಎಂದಿದ್ದರೆ ಅವಳ ಎದೆಯ ಭಾರ ಅಲ್ಲೇ ಇಳಿಯುತ್ತಿತ್ತು. ನಾನು ಅವಳ ಕೈ ಹಿಡಿದು, "ಆಗಿದ್ದು ಆಯ್ತು, ಬಿಡೇ" ಎನ್ನುತ್ತಿದ್ದೆ. ದೊಡ್ಡ ಮನಸ್ಸಿನವನ ಹಾಗೆ — ಅವಳನ್ನು ಕ್ಷಮಿಸಿದವನ ಹಾಗೆ!

ಅದೇ ನನ್ನ ಪಾಪ, ಪ್ರಕಾಶ್. ಕಣ್ಣಿನ ಆಪರೇಷನ್ ಅದರ ಬಾಲ ಮಾತ್ರ. ನನ್ನದನ್ನು ಅವಳ ತಲೆಯ ಮೇಲೆ ಇಟ್ಟು, ಅವಳು ಅದನ್ನು ಹೊತ್ತುಕೊಂಡೇ ಸಾಯಲು ಬಿಟ್ಟೆ.

ಮಣ್ಣಿಗೆ ಸೆನೆಟರ್ ಬಂದಿದ್ದರು. ನನ್ನ ಕೈ ಹಿಡಿದುಕೊಂಡರು, ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ನೀನು ಅವರಿಗೆ ಕುರ್ಚಿ ಎಳೆದು ಹಾಕಿದೆ.

ನಾಳೆ ಗುರುವಾರ. ನೀನು ಬರುತ್ತೀ. ಕಳೆದ ವಾರವೂ ಹೇಳಬಹುದಿತ್ತು, ಆದರೆ ಅನ್ನದ ಮುಂದೆ ಕೂತವನನ್ನು ಎಬ್ಬಿಸಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಊಟವಾದ ಮೇಲೆ ಎಂದರೆ, ಉಂಡ ಮನೆಯೆಂದು ನೀನು ಮಾತು ನುಂಗಿಕೊಳ್ಳುತ್ತೀ. ನಿನ್ನ ಆ ಸೌಜನ್ಯವನ್ನೂ ನಾನು ಬಳಸಿಕೊಳ್ಳಬಾರದು. ಅದಕ್ಕೇ ನಾಳೆ ಒಲೆ ಹಚ್ಚುವುದಿಲ್ಲ. ಬಾಗಿಲು ತೆರೆದ ಕೂಡಲೇ ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.

ನನ್ನನ್ನು ಏನು ಬೇಕಾದರೂ ಅನ್ನು. ಮತ್ತೆ ಈ ಮನೆಗೆ ಬರಬಾರದು ಎಂದು ನಿನಗನ್ನಿಸಿದರೆ ಬರಬೇಡ. ಆದರೆ ನಿನ್ನ ಅಕ್ಕ ಅವತ್ತು ಫೋನಿನಲ್ಲಿ ಹೇಳಿದ್ದು ಅವಳಿಗೆ ತಿಳಿದಷ್ಟು ನಿಜ. ತಿಳಿದಿದ್ದವನು ಬೆಳ್ಳುಳ್ಳಿ ಸುಲಿಯುತ್ತಾ ಪಕ್ಕದಲ್ಲಿ ಕೂತಿದ್ದ.